ಕೊಲೋನಿನ ಮೈಕಟ್ಟು, ಮೈಸೂರಿನ ಮಾತು

"ಚರ್ಚಿಗಾ ಸಾರ್? ಚರ್ಚ್ ಒಳಕ್ಕಾ, ಚರ್ಚ್ ಹತ್ರಕ್ಕಾ?"

ಸಬರ್ಬನ್ ಬಸ್ ಸ್ಟ್ಯಾಂಡಿನ ಎದುರು ಆಟೋದವರು ಕೇಳಿದ ಪ್ರಶ್ನೆ ನ್ಯಾಯವಾಗಿಯೇ ಇತ್ತು. ಮೈಸೂರಿನಲ್ಲಿ 'ಚರ್ಚ್ ಹತ್ರ' ಅನ್ನುವುದೊಂದು ವಿಳಾಸ. ಸೀರೆಗೆ ಫಾಲ್ ಹಚ್ಚುವವರು, ಮಿಕ್ಸಿ ರಿಪೇರಿಯವರು, ನಮ್ಮ ಚಿಕ್ಕಪ್ಪನಿಗೆ ಹೆಣ್ಣು ಕೊಟ್ಟವರು ಎಲ್ಲರೂ ಚರ್ಚ್ ಹತ್ರದವರೇ. ಚಿಕ್ಕವನಿದ್ದಾಗ ಅಪ್ಪನ ಸೈಕಲ್ಲಿನ ಬಾರಿನ ಮೇಲೆ ಕೂತು ಆ ಕಡೆ ಹೋಗುವಾಗ ಎರಡು ಗೋಪುರ ಕಂಡವೆಂದರೆ, ಇನ್ನೇನು ಇಳಿಯುವ ಜಾಗ ಬಂತೆಂದು ಕಾಲು ನೀಡುತ್ತಿದ್ದೆ. ಇಳಿದ ಮೇಲೆ ಗೋಪುರಕ್ಕೆ ಬೆನ್ನು. ಶಾಲೆಯಿಂದ ಒಮ್ಮೆ ಸಾಲಾಗಿ ನಿಲ್ಲಿಸಿ, ತುಟಿಯ ಮೇಲೆ ಬೆರಳಿಡಿಸಿ ಒಳಗೆ ಕರೆದುಕೊಂಡು ಹೋಗಿದ್ದರು. ಬರಿಗಾಲಿಗೆ ತಣ್ಣಗಾಗಿದ್ದ ನೆಲದ ಹೊರತು ಅದರದ್ದೇನೂ ನೆನಪಿಲ್ಲ. ಐವತ್ತು ದಾಟಿದ ಈ ವಯಸ್ಸಿಗೆ ನಾನಾಗಿಯೇ ಮೊದಲ ಸಲ "ಒಳಕ್ಕೆ" ಎಂದೆ.

ಹಾಗೆ ಅನ್ನಿಸಿದವರು ಅಂದು ನಮ್ಮನ್ನು ಸಾಲು ನಿಲ್ಲಿಸಿದ್ದ ಮಿಸ್ಸೇ. ಹೋದ ವರ್ಷ ಮಗಳು ಓದುತ್ತಿರುವ ಜರ್ಮನಿಗೆ ಹೋದಾಗ ಕೊಲೋನ್ ಊರಿನ ಕೆಥೆಡ್ರಲ್ ನೋಡಿದೆ. ರೈಲ್ವೆ ನಿಲ್ದಾಣದಿಂದ ಹೊರಗೆ ಕಾಲಿಟ್ಟರೆ ಸಾಕು, ಮಸಿ ಹಿಡಿದ ಬೆಟ್ಟದಂತೆ ಎದುರಿಗೇ ನಿಂತಿರುತ್ತದೆ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವನಿಗೆ ಇದೆಲ್ಲ ಯಾವ ಲೆಕ್ಕ ಎಂದು ಅದರ ದಕ್ಷಿಣ ಗೋಪುರದ 533 ಮೆಟ್ಟಿಲಿಗೆ ಹೊರಟೆ. ಬುಗುರಿಯಂತೆ ಸುತ್ತುವ ಆ ಇಕ್ಕಟ್ಟಿನ ಮೆಟ್ಟಿಲು ಚೆನ್ನಾಗಿಯೇ ಬುದ್ಧಿ ಕಲಿಸಿತು. ಮೇಲೆ ನಿಂತು ಏದುಸಿರು ಬಿಡುತ್ತ ಮಿಸ್‌ಗೆ ಫೋಟೋ ಕಳಿಸಿದೆ. ವಾಟ್ಸಾಪಿನಲ್ಲಿ ಉತ್ತರ ಬಂತು: "ಚೆನ್ನಾಗಿದೆ ಕಣೋ. ನಮ್ಮ ದೇವಾಲಯದ ದೊಡ್ಡಣ್ಣನ ಹಾಗಿದೆ. ಅದನ್ನ ನೋಡೋಕೆ ವಿಮಾನ ಹತ್ತಿದೆ. ಇದನ್ನ ನೋಡೋಕೆ ಆಟೋ ಹತ್ತೋದು ಯಾವಾಗ?"

ಅದಕ್ಕೇ ಈ ಆಟೋ.

ಅಶೋಕ ರಸ್ತೆ ಅಂದು ಶ್ರಾವಣದ ಜಿನುಗು ಮಳೆಯಲ್ಲಿ ತೊಯ್ದಿತ್ತು. ಅರಮನೆಯ ಕಡೆಯಿಂದ ಉತ್ತರಕ್ಕೆ ಸಾಗುವ ಈ ರಸ್ತೆಯಲ್ಲಿ ಚಿನ್ನ ಬೆಳ್ಳಿಯ ಅಂಗಡಿಗಳು, ಪಾತ್ರೆ ಅಂಗಡಿಗಳು, ಹಾರ್ಡ್‌ವೇರಿನವರು ಹೆಗಲಿಗೆ ಹೆಗಲು ಕೊಟ್ಟುಕೊಂಡಿದ್ದಾರೆ. ಇದೇ ರಸ್ತೆಯಲ್ಲಿ ದೊಡ್ಡ ಮಸೀದಿಯೂ ಇದೆ. ಸಾಗುತ್ತ ಸಾಗುತ್ತ ಬೋರ್ಡುಗಳ, ವೈರುಗಳ ಮೇಲಿಂದ ಎರಡು ಚೂಪು ತಲೆಗಳು ಎದ್ದವು. ಕಾಲು ತಾನಾಗಿ ನೀಡಿಕೊಂಡಿತು.

ಮಿಸ್ ಗೇಟಿನ ಹತ್ತಿರವೇ ಕೊಡೆ ಹಿಡಿದು ನಿಂತಿದ್ದರು. ಎಪ್ಪತ್ತೈದು ದಾಟಿದೆ, ಮಗ್ಗಿ ತಪ್ಪಿದರೆ ಹುಬ್ಬು ಏರಿಸುತ್ತಿದ್ದ ಅದೇ ಮುಖ. "ಹನ್ನೊಂದನೇ ತಾರೀಕು ಹಬ್ಬ. ಆವತ್ತು ಬಂದಿದ್ರೆ ಜನಾನೇ ನೋಡ್ಕೊಂಡು ಹೋಗ್ತಿದ್ದೆ, ದೇವಾಲಯ ನೋಡ್ತಿರಲಿಲ್ಲ. ಇವತ್ತು ಬಂದಿದ್ದೇ ಸರಿಹೋಯ್ತು," ಎಂದರು. ಆಗಸ್ಟ್ 11, ಈ ಚರ್ಚು ಯಾರ ಹೆಸರಿನಲ್ಲಿದೆಯೋ ಆ ಸಂತ ಫಿಲೋಮಿನಮ್ಮನವರ ಹಬ್ಬ.

ಅಂಗಳದಲ್ಲಿ ನಿಂತು ತಲೆ ಎತ್ತಿದೆ. ಗೋಪುರಗಳ ಎತ್ತರ 175 ಅಡಿ. ಕೊಲೋನಿನವು 157 ಮೀಟರು, ಅಂದರೆ ಹತ್ತಿರ ಹತ್ತಿರ 515 ಅಡಿ. ಅಳತೆಯಲ್ಲಿ ನಮ್ಮದು ಅದರ ಮೂರನೇ ಒಂದು ಪಾಲು. ಆದರೆ ಹೋಲಿಕೆ ಕಣ್ಣಿಗೆ ಹೊಡೆದಂತಿದೆ: ಜೋಡಿ ಗೋಪುರ, ನೆತ್ತಿಯ ಮೇಲೆ ಶಿಲುಬೆ, ಬಾಣದ ತುದಿಯಂತೆ ಮೇಲೆ ಕೂಡಿಕೊಳ್ಳುವ ಕಮಾನುಗಳು. ಡೇಲಿ ಎಂಬ ಫ್ರೆಂಚ್ ವಾಸ್ತುಶಿಲ್ಪಿ ಇದರ ನಕ್ಷೆ ಮಾಡುವಾಗ ಕೊಲೋನಿನ ಕೆಥೆಡ್ರಲನ್ನೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ. ಫ್ರಾನ್ಸಿನವನೊಬ್ಬ ಜರ್ಮನಿಯ ಮಾದರಿಯನ್ನು ಮೈಸೂರಿನಲ್ಲಿ ಎತ್ತಿ ನಿಲ್ಲಿಸಿದ ಕಥೆ ಇದು.

ಕೊಲೋನಿನವರು ಕಟ್ಟಲು ಶುರುಮಾಡಿದ್ದು 1248ರಲ್ಲಿ, ಮುಗಿಸಿದ್ದು 1880ರಲ್ಲಿ. ನಡುವೆ ಕೆಲಸ ನಿಂತು, ಅರ್ಧ ಎದ್ದ ಗೋಪುರದ ಮೇಲೆ ಕಲ್ಲೆತ್ತುವ ಮರದ ಯಂತ್ರವೊಂದು ನೂರಾರು ವರ್ಷ ಹಾಗೇ ಕೊಕ್ಕರೆಯಂತೆ ನಿಂತಿತ್ತಂತೆ. ನಮ್ಮದಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಇಟ್ಟದ್ದು 1933ರ ಅಕ್ಟೋಬರ್ 28ರಂದು. ಹತ್ತು ವರ್ಷದೊಳಗೆ ಕಟ್ಟಡ ಮೇಲೆದ್ದಿತು. ಅಡಿಗಲ್ಲಿಗೆ ಸ್ವಲ್ಪ ಮುಂಚೆಯಷ್ಟೇ ಕನ್ನಂಬಾಡಿ ಕಟ್ಟೆ ಪೂರ್ತಿಯಾಗಿತ್ತು. ಗಾರೆ, ಕಲ್ಲು, ಮೇಸ್ತ್ರಿಗಳ ವಿಷಯದಲ್ಲಿ ಆ ಕಾಲದ ಮೈಸೂರಿಗೆ ಕೈ ಚೆನ್ನಾಗಿ ಪಳಗಿತ್ತು ಎನ್ನಬಹುದು.

ಅಡಿಗಲ್ಲಿನ ದಿನ ಮಹಾರಾಜರು ಆಡಿದ ಮಾತಿನ ಸಾರಾಂಶ ಇಂದಿಗೂ ಉಳಿದಿದೆ: ಈ ದೇವಾಲಯ ನಿಲ್ಲುವುದು ಎರಡು ಅಡಿಪಾಯಗಳ ಮೇಲೆ, ಒಂದು ದೈವದ ಕರುಣೆ, ಇನ್ನೊಂದು ಮನುಷ್ಯರ ಕೃತಜ್ಞತೆ. ಅಡಿಗಲ್ಲು ಸಮಾರಂಭದ ಭಾಷಣಗಳನ್ನು ನಾವೂ ಸಾಕಷ್ಟು ಕೇಳಿದ್ದೇವೆ. ಕೃತಜ್ಞತೆಯನ್ನು ಅಡಿಪಾಯಕ್ಕೆ ಹಾಕಿದವರನ್ನು ನಾನಂತೂ ನೋಡಿಲ್ಲ.

"ಬರೀ ಗೋಪುರ ಅಳೀತಾ ನಿಂತ್ಕೋಬೇಡ, ಒಳಗೆ ಬಾ," ಎಂದರು ಮಿಸ್.

ಬಾಗಿಲ ಹತ್ತಿರ ನಾನು ಏನನ್ನೋ ಕೇಳುತ್ತ ಎರಡು ಸಲ 'ಚರ್ಚು' ಎಂದೆ. ಮೂರನೆಯ ಸಲಕ್ಕೆ ಅವರ ಹುಬ್ಬು ಏರಿತು. "ಚರ್ಚು ಅನ್ನೋದು ನೀವು. ನಾವು ದೇವಾಲಯ ಅಂತೀವಿ. ಇದು ಪ್ರಧಾನಾಲಯ."

"ಕೆಥೆಡ್ರಲ್ ಅಂದ್ರೆ ದೊಡ್ಡ ಚರ್ಚು ಅಲ್ವಾ ಮಿಸ್?"

"ದೊಡ್ಡದು ಚಿಕ್ಕದು ಅಂತ ಅಲ್ಲ ಕಣೋ. ಧರ್ಮಾಧ್ಯಕ್ಷರ ಪೀಠ ಎಲ್ಲಿರುತ್ತೋ ಅದು ಪ್ರಧಾನಾಲಯ. ಗುಡಿಸಲಲ್ಲಿ ಪೀಠ ಇದ್ರೆ ಗುಡಿಸಲೇ ಪ್ರಧಾನಾಲಯ."

ಅವರು ಹೇಳಿದ್ದು ಅಕ್ಷರಶಃ ನಿಜ. ಬಿಷಪ್ಪರು ಕೂರುವ ಆಸನಕ್ಕೆ ಇರುವ ಹಳೆಯ ಹೆಸರಿನಿಂದಲೇ 'ಕೆಥೆಡ್ರಲ್' ಎಂಬ ಮಾತು ಹುಟ್ಟಿದೆ. ನಾನು ಕೊಲೋನಿನಲ್ಲಿ ಇಪ್ಪತ್ತು ನಿಮಿಷ ಸರತಿಯಲ್ಲಿ ನಿಂತು, ಟಿಕೆಟ್ ಕೊಂಡು ಗೋಪುರ ಹತ್ತಿದ್ದೆನಲ್ಲ, ಅಲ್ಲಿ ಈ ಸಂಗತಿ ನನ್ನ ತಲೆಗೆ ಹೊಳೆದಿರಲಿಲ್ಲ. ಇಲ್ಲಿ 'ಪೀಠ' ಎಂದ ಕೂಡಲೇ ಗೊತ್ತಾಯಿತು. ಶೃಂಗೇರಿಯ ಪೀಠ ಗೊತ್ತು, ಸುತ್ತೂರಿನ ಪೀಠ ಗೊತ್ತು. ಈ ಪೀಠ ಗೊತ್ತಾಗಲು ನನಗೆ ಯಾವ ಗೈಡೂ ಬೇಕಾಗಲಿಲ್ಲ.

ಒಳಗೆ ಹೆಜ್ಜೆಯಿಟ್ಟರೆ ಕಟ್ಟಡದ ಉದ್ದವೇ ಮೊದಲು ಮೈಮೇಲೆ ಬರುತ್ತದೆ. ನೆಲದ ನಕ್ಷೆ ಶಿಲುಬೆಯ ಆಕಾರದ್ದು. ಜನ ಕೂರುವ ಉದ್ದನೆಯ ಭಾಗ ಶಿಲುಬೆಯ ಕಾಂಡ, ಎಡಬಲಕ್ಕೆ ಚಾಚಿದ್ದು ಅದರ ತೋಳುಗಳು. ಒಟ್ಟು 800 ಜನ ಕೂರಬಹುದು. ಗೋಡೆಯೆತ್ತರದ ಬಣ್ಣದ ಗಾಜುಗಳಲ್ಲಿ ಯೇಸುಸ್ವಾಮಿಯ ಜನನದಿಂದ ಹಿಡಿದು ಕಡೆಯ ಭೋಜನ, ಶಿಲುಬೆಗೇರಿದ್ದು, ಪುನರುತ್ಥಾನ, ಸ್ವರ್ಗಾರೋಹಣದ ತನಕ ಕಥೆ ಸಾಗುತ್ತದೆ. ಅಂದು ಬಿಸಿಲು ಮಾತ್ರ ಬರಲೇ ಇಲ್ಲ. ಮೋಡದ ಬೆಳಕಿಗೆ ಗಾಜುಗಳು ತಮ್ಮ ಕೆಂಪು ನೀಲಿಯನ್ನು ಬಚ್ಚಿಟ್ಟುಕೊಂಡೇ ಇದ್ದವು. ಫೋಟೋ ತೆಗೆಯುವಂತಿಲ್ಲ ಎಂಬ ಬೋರ್ಡು ಕಂಡು ಫೋನನ್ನು ಜೇಬಿಗೆ ಹಾಕಿದೆ. ಕೊಲೋನಿನಲ್ಲಿ ನೂರಾ ಹತ್ತು ಫೋಟೋ ತೆಗೆದಿದ್ದೆ. ಇಲ್ಲಿ ಕೈ ಖಾಲಿ. ಕಿವಿಗೆ ಕೆಲಸ ಬಂತು.

ಕೇಳಿಸಿದ್ದು ಏನು? ಮುಂದಿನ ಬೆಂಚಿನಲ್ಲಿ ನಾಲ್ಕು ಹೆಂಗಸರು ಮೆಲುದನಿಯಲ್ಲಿ ಜಪಸರ ಹೇಳುತ್ತಿದ್ದರು. ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ಪೂರ್ತಿ ಮಾಡುತ್ತಿದ್ದರು, ನಮ್ಮಜ್ಜಿಯ ಭಜನೆ ಗುಂಪಿನಲ್ಲಿ ನಡೆಯುತ್ತಿದ್ದ ಹಾಗೆಯೇ. ಮಿಸ್ ಪಕ್ಕದಲ್ಲಿ ಕೂತು ಒಂದೊಂದಾಗಿ ಪದ ಬಿಡಿಸಿಟ್ಟರು. ನಾವು 'ಮಾಸ್' ಎಂದುಕೊಂಡಿರುವುದು ಅವರಿಗೆ ಬಲಿಪೂಜೆ, ಅಥವಾ ಬರೀ ಪೂಜೆ. ಅಲ್ಲಿ ಕೊಡುವುದು ಪರಮಪ್ರಸಾದ. ಬಿಷಪ್ಪರು ಧರ್ಮಾಧ್ಯಕ್ಷರು. ಹಬ್ಬದ ದಿನ ಎಳೆಯುವುದು ತೇರು. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಶ್ರೀರಂಗಪಟ್ಟಣ, ಗಂಜಾಂ ಕಡೆ ಓಡಾಡಿಕೊಂಡು, ಇಲ್ಲಿಯವರ ಉಡುಗೆ ಉಟ್ಟು, 1823ರಲ್ಲಿ ಫ್ರಾನ್ಸಿಗೆ ಮರಳಿದ ಪಾದ್ರಿ ಅಬ್ಬೆ ದುಬ್ವಾನನ್ನು ನಮ್ಮ ಹಳ್ಳಿಯ ಜನ 'ದೊಡ್ಡ ಸ್ವಾಮಿಯೋರು' ಎಂದು ಕರೆದಿದ್ದರು. ನೋಡಿದರೆ ಪದಗಳ ಈ ಕೊಡುಕೊಳ್ಳುವಿಕೆ ಗೋಪುರಕ್ಕಿಂತ ನೂರು ವರ್ಷ ಹಳೆಯದು.

"ನಾನು ಚಿಕ್ಕವಳಿದ್ದಾಗ ಪೂಜೆ ಲ್ಯಾಟಿನ್ನಿನಲ್ಲಿ ಇತ್ತು," ಎಂದರು ಮಿಸ್. "ನಮ್ಮಮ್ಮನಿಗೆ ಒಂದಕ್ಷರ ಅರ್ಥ ಆಗ್ತಿರಲಿಲ್ಲ. ಫಾದರ್ ಪಾಡಿಗೆ ಫಾದರ್, ನಮ್ಮಮ್ಮನ ಪಾಡಿಗೆ ಜಪಸರ. ಆಮೇಲೆ ಕನ್ನಡ ಬಂತು. ಮೊದಲನೇ ಸಲ ಕನ್ನಡದಲ್ಲಿ ಪೂಜೆ ಆದಾಗ ಅಮ್ಮ ಮನೆಗೆ ಬಂದು ಏನಂದ್ಲು ಗೊತ್ತಾ? 'ಇಷ್ಟು ದಿನ ದೇವರಿಗೆ ಇದನ್ನೇನಾ ಹೇಳ್ತಿದ್ದದ್ದು, ಇದು ನನಗೂ ಗೊತ್ತಿತ್ತಲ್ಲ' ಅಂತ!"

ಹೇಳಿ ಅವರೇ ನಕ್ಕರು. ಮುಂದಿನ ಬೆಂಚಿನಿಂದ ಒಬ್ಬರು ತಿರುಗಿ ನೋಡಿದರು. ಮಿಸ್ ಗಲಾಟೆ ಮಾಡಿ ಸಿಕ್ಕಿಬಿದ್ದದ್ದನ್ನು ನಾನು ಕಂಡದ್ದು ಇದೇ ಮೊದಲು. 1962ರಿಂದ 65ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರವಷ್ಟೇ ಆಯಾ ನಾಡಿನ ನುಡಿಗೆ ಪೂಜೆಯ ಬಾಗಿಲು ತೆರೆದದ್ದು. ರೋಮಿನ ಆ ತೀರ್ಮಾನ ಅಶೋಕ ರಸ್ತೆಯ ಹಿಂದಿನ ಓಣಿಯೊಂದರ ಅಡುಗೆಮನೆಯಲ್ಲಿ ಹೀಗೆ ಕೇಳಿಸಿತ್ತು.

ಬಲಿಪೀಠದ ಮುಂದೆ ಬಗ್ಗಿ ಕೈಮುಗಿದು ಮಿಸ್ ನನ್ನನ್ನು ಕೆಳಕ್ಕೆ ಕರೆದೊಯ್ದರು. ಬಲಿಪೀಠದ ತಳದಲ್ಲಿ ನೆಲಮಾಳಿಗೆ. ಮೆಟ್ಟಿಲಿಳಿದರೆ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕಾದಷ್ಟು ಕಿರಿದಾದ ದಾರಿ. ಅಲ್ಲಿ ಸಂತ ಫಿಲೋಮಿನಮ್ಮನವರ ಪ್ರತಿಮೆ. ತಲೆಯ ಮೇಲೆ ದುಪಟ್ಟಾ ಹೊದ್ದ ಹುಡುಗಿಯೊಬ್ಬಳು, ಹಣೆಗೆ ವಿಭೂತಿಯಿದ್ದ ಮುದುಕರೊಬ್ಬರು ನಮಗಿಂತ ಮುಂದಿದ್ದರು. ಮುದುಕರು ನಿಂತಲ್ಲೇ ಒಮ್ಮೆ ಕೆನ್ನೆ ತಟ್ಟಿಕೊಂಡು ಹೊರಟರು.

ಈ ಫಿಲೋಮಿನಾ ಯಾರು? 1802ರ ಮೇ ತಿಂಗಳಲ್ಲಿ ರೋಮಿನ ಪ್ರಿಸಿಲ್ಲಾ ನೆಲಸಮಾಧಿಗಳಲ್ಲಿ ಅಗೆಯುವಾಗ ಗೋರಿಯೊಂದು ಸಿಕ್ಕಿತು. ಅದನ್ನು ಮುಚ್ಚಿದ್ದು ಸುಟ್ಟ ಮಣ್ಣಿನ ಮೂರು ಬಿಲ್ಲೆಗಳು. ಬಿಲ್ಲೆಗಳ ಮೇಲೆ ಲಂಗರು, ಬಾಣ, ಗರಿಯ ಗುರುತು, ಜೊತೆಗೆ ಅಕ್ಷರ. ಇದ್ದ ಹಾಗೆ ಓದಿದರೆ 'ಲುಮೆನಾ', 'ಪಾಕ್ಸ್ ತೆ', 'ಕುಮ್ ಫಿ'. ಅರ್ಥವಿಲ್ಲ. ಮೊದಲ ಬಿಲ್ಲೆಯನ್ನು ಕಡೆಗೆ ತಂದಿಟ್ಟರೆ 'ಪಾಕ್ಸ್ ತೆಕುಮ್ ಫಿಲುಮೆನಾ': ಫಿಲುಮೆನಾ, ನಿನಗೆ ಶಾಂತಿ ಇರಲಿ. ಒಳಗೆ ಎಳೆಯ ಹುಡುಗಿಯೊಬ್ಬಳ ಎಲುಬು. ಅಷ್ಟೇ ದಾಖಲೆ. ಅವಳ ಊರು, ತಂದೆ ತಾಯಿ, ಸತ್ತ ಬಗೆ ಯಾವುದಕ್ಕೂ ಲಿಖಿತ ಆಧಾರವಿಲ್ಲ. ಎಲುಬುಗಳನ್ನು 1805ರಲ್ಲಿ ನೇಪಲ್ಸ್ ಬಳಿಯ ಮುನ್ಯಾನೋ ಊರಿಗೆ ಒಯ್ದರು. ಹರಕೆ ಫಲಿಸಿತೆಂಬ ಸುದ್ದಿ ಹಬ್ಬಿತು, ಭಕ್ತಿ ಯುರೋಪಿನ ತುಂಬ ಹರಡಿತು. ಆಮೇಲೆ ಪುರಾತತ್ವ ಬಲ್ಲವರು ಕೆಲವರು, ಆ ಬಿಲ್ಲೆಗಳು ಇನ್ನೂ ಹಳೆಯ ಗೋರಿಯೊಂದರಿಂದ ಕಿತ್ತು ಮತ್ತೆ ಬಳಸಿದವು, ಹೆಸರು ಒಬ್ಬರದು ಎಲುಬು ಇನ್ನೊಬ್ಬರದು ಎಂದು ವಾದಿಸಿದರು. 1961ರಲ್ಲಿ ರೋಮೇ ಫಿಲೋಮಿನಾಳ ಹಬ್ಬವನ್ನು ಪಂಚಾಂಗದಿಂದ ತೆಗೆದುಹಾಕಿತು.

ಮೈಸೂರಿಗೆ ಅವಳು ಬಂದದ್ದು 1926ರಲ್ಲಿ. ಮಹಾರಾಜರ ಹುಜೂರ್ ಸೆಕ್ರೆಟರಿಯಾಗಿದ್ದ ಟಿ. ತಂಬೂಚೆಟ್ಟಿಯವರು ಸಂತಳ ಪವಿತ್ರ ಅವಶೇಷವನ್ನು ತರಿಸಿ ಫಾದರ್ ಕೋಷೆಯವರಿಗೆ ಒಪ್ಪಿಸಿದರು. ಅದನ್ನಿಡಲು ತಕ್ಕ ದೇವಾಲಯ ಬೇಕೆಂದು ಫಾದರ್ ಅರಸರ ಮುಂದೆ ಹೋದರು. ಸಂತ ಜೋಸೆಫರ ಹೆಸರೂ ಈ ಪ್ರಧಾನಾಲಯಕ್ಕಿದೆ. ಜನರ ಬಾಯಲ್ಲಿ ಉಳಿದದ್ದು ಫಿಲೋಮಿನಮ್ಮ.

ಓದಿಕೊಂಡು ಬಂದಿದ್ದ ವಿದ್ಯೆ ಸುಮ್ಮನಿರಗೊಡಲಿಲ್ಲ. ಮೇಲೆ ಬರುವಾಗ ಮೆಲ್ಲಗೆ 1961ರ ವಿಷಯ ಎತ್ತಿದೆ.

"ಗೊತ್ತು," ಎಂದರು ಮಿಸ್. "ನಾನಾಗ ಮಿಡ್ಲ್ ಸ್ಕೂಲು. ದೊಡ್ಡೋರು ಮಾತಾಡ್ಕೊಳ್ತಿದ್ರು. ಕ್ಯಾಲೆಂಡರಿಂದ ತೆಗೆದ್ರೆ ಮನೆಯಿಂದ ತೆಗೆದ ಹಾಗಾಯ್ತೇನೋ? ನಮ್ಮನೇಲಿ ಮೂರು ಜನ ಫಿಲೋಮಿನಾ ಇದ್ರು. ಅವರನ್ನೇನು ಹೆಸರು ಬದಲಾಯಿಸ್ಕೊಳ್ಳಿ ಅನ್ನೋಕಾಗುತ್ತಾ?" ಸ್ವಲ್ಪ ತಡೆದು, "ಗುರುತಿಲ್ಲದ ಒಂದು ಮಗು. ಯಾರೋ ಅದಕ್ಕೆ ಶಾಂತಿ ಇರಲಿ ಅಂತ ಬರೆದಿದ್ರು. ನಾವೂ ಅದನ್ನೇ ಕೇಳ್ಕೋತೀವಿ," ಎಂದರು.

ಪಾಂಡಿತ್ಯವನ್ನು ಫೋನಿನ ಪಕ್ಕಕ್ಕೇ ಜೇಬಿಗೆ ಹಾಕಿದೆ.

ಹೊರಡುವ ಮೊದಲು ನೋಡಲೇಬೇಕೆಂದುಕೊಂಡಿದ್ದ ಇನ್ನೊಂದು ವಸ್ತುವಿತ್ತು. ಈಗಿನ ಕಟ್ಟಡಕ್ಕೂ ಮುಂಚೆ ಇದೇ ಜಾಗದಲ್ಲಿ ಚಿಕ್ಕ ದೇವಾಲಯವೊಂದಿತ್ತು. ಕಟ್ಟಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರು, 1843ರಲ್ಲಿ. ಅದರ ಹಳೆಯ ಶಾಸನವನ್ನು ಹೊಸ ಕಟ್ಟಡದಲ್ಲೂ ಉಳಿಸಿಕೊಂಡಿದ್ದಾರೆ. 1843ರ ಹೊತ್ತಿಗೆ ಮುಮ್ಮಡಿಯವರ ಕೈಯಲ್ಲಿ ಆಡಳಿತವಿರಲಿಲ್ಲ. 1831ರಲ್ಲೇ ಬ್ರಿಟಿಷರು ರಾಜ್ಯಭಾರ ಕಿತ್ತುಕೊಂಡು ಕಮಿಷನರನ್ನು ಕೂರಿಸಿದ್ದರು. ಅರಮನೆಯಿತ್ತು, ಬಿರುದುಗಳಿದ್ದವು, ಅಧಿಕಾರವಿರಲಿಲ್ಲ. ರಾಜ್ಯ ಕಳೆದುಕೊಂಡ ದೊರೆ ರಾಜ್ಯ ಕಸಿದವರ ಧರ್ಮದ ದೇವರಿಗೆ ಮನೆ ಕಟ್ಟಿಸಿದರು. ಅಲ್ಲಿ ರಾಜತಂತ್ರವೂ ಇದ್ದಿರಬಹುದು. ಆದರೆ ಶಾಸನದ ಮಾತು ಕೇಳಿದರೆ ಬರೀ ರಾಜತಂತ್ರ ಎನ್ನಲು ಮನಸ್ಸು ಬಾರದು.

ಅದರ ಅರ್ಥ ಹೆಚ್ಚುಕಡಿಮೆ ಹೀಗೆ: ಬೆಳಕಿನ ಲೋಕವನ್ನೂ ಈ ಭೂಲೋಕವನ್ನೂ ಸಕಲ ಜೀವರಾಶಿಯನ್ನೂ ಸೃಷ್ಟಿಸಿ, ಕಾಪಾಡಿ, ಆಳುವ ಒಬ್ಬನೇ ದೇವರ ಹೆಸರಿನಲ್ಲಿ, ಜಗತ್ತಿನ ಬೆಳಕಾದ ಯೇಸುಕ್ರಿಸ್ತ ಮನುಷ್ಯನಾಗಿ ಅವತರಿಸಿದ 1843 ವರ್ಷಗಳ ತರುವಾಯ ಈ ದೇವಾಲಯ ಕಟ್ಟಲಾಯಿತು.

ಬೇಲೂರು, ಶ್ರವಣಬೆಳಗೊಳದ ಶಾಸನಗಳ ಪರಿಚಯ ಇದ್ದವರಿಗೆ ಈ ಧಾಟಿ ಹೊಸತಲ್ಲ. ಮೊದಲು ಸೃಷ್ಟಿ ಸ್ಥಿತಿಗಳ ಒಡೆಯನ ಸ್ತುತಿ, ಆಮೇಲೆ ಕಾಲಗಣನೆ, ಕಡೆಗೆ ದಾನ ಅಥವಾ ನಿರ್ಮಾಣದ ಸಂಗತಿ. ಒಬ್ಬನೇ ಒಡೆಯನನ್ನು ಒಬ್ಬೊಬ್ಬರು ಒಂದೊಂದು ಹೆಸರಿನಿಂದ ಕರೆಯುತ್ತಾರೆ ಎಂಬ ಭಾವದ ಶ್ಲೋಕವನ್ನು ಬೇಲೂರಿನಲ್ಲೇ ಕೆತ್ತಿದ್ದಾರೆ. ಮುಮ್ಮಡಿಯವರ ಆಸ್ಥಾನಕ್ಕೆ ಕ್ರಿಸ್ತನ ಬಗ್ಗೆ ಬರೆಯುವ ಪ್ರಸಂಗ ಬಂದಾಗ ಹೊಸ ಭಾಷೆ ಹುಡುಕಬೇಕಾಗಲಿಲ್ಲ. ಶಾಸನದ ಹಳೆಯ ಅಚ್ಚು ಕೈಗೆಟುಕುವಂತೆಯೇ ಇತ್ತು. ಶಾಲಿವಾಹನ ಶಕದ ಲೆಕ್ಕ ಹಿಡಿಯುತ್ತಿದ್ದವರು ಇಲ್ಲಿ ಕ್ರಿಸ್ತಾವತಾರದಿಂದ ವರ್ಷ ಎಣಿಸಿದರು.

"ಅವತಾರ ಅನ್ನೋ ಪದ ನಿಮ್ಮಲ್ಲೂ ಇದೆಯಾ ಮಿಸ್?" ಎಂದೆ.

"ಮನುಷ್ಯಾವತಾರ ಅಂತಲೇ ನಾವು ಹೇಳೋದು. ಇನ್ನೇನು ಹೇಳೋಣ? ಕನ್ನಡದಲ್ಲಿ ಅದಕ್ಕೆ ಬೇರೆ ಪದ ಇದ್ರೆ ನೀನೇ ಹೇಳು."

ಯೋಚಿಸಿದೆ. ಇರಲಿಲ್ಲ.

ಕೊಲೋನಿನಲ್ಲಿ ನಾನು ಒಳ್ಳೆಯ ಪ್ರವಾಸಿಯಾಗಿದ್ದೆ. ಕಲ್ಲಿನ ಎತ್ತರ, ಕಟ್ಟಿದ ವರ್ಷ, ಗಂಟೆಯ ತೂಕ ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡಿದ್ದೆ. ಅಲ್ಲಿ ಜನ ಬೆಂಚಿನಲ್ಲಿ ಕೂತು ತುಟಿಯಾಡಿಸುತ್ತಿದ್ದರು, ಅದರ ಒಂದು ಪದವೂ ನನ್ನೊಳಗೆ ಇಳಿಯಲಿಲ್ಲ. ಅದು ಅವರ ತಪ್ಪಲ್ಲ, ನನ್ನದೂ ಅಲ್ಲ. ಇಲ್ಲಿಯ ಸಂಗತಿ ಬೇರೆ. ದೂರದಿಂದ ನೋಡಿ ಐವತ್ತು ವರ್ಷ ಇದನ್ನು ವಿಲಾಯಿತಿ ಕಟ್ಟಡ ಎಂದುಕೊಂಡಿದ್ದೆ. ಮೈಕಟ್ಟೇನೋ ವಿಲಾಯಿತಿಯದೇ. ಬಾಯಿ ತೆಗೆದರೆ ಪೀಠ, ಪೂಜೆ, ಪ್ರಸಾದ, ತೇರು, ಅವತಾರ. ನಮ್ಮ ಮನೆಯ ಹಜಾರದಲ್ಲಿ ಓಡಾಡಿಕೊಂಡಿದ್ದ ಮಾತುಗಳೇ ಬೀದಿಯಾಚೆಯ ಮನೆಯಲ್ಲೂ ದುಡಿಯುತ್ತಿದ್ದವು. ಗೋಪುರವನ್ನು ಗುರುತಿಗೆ ಇಟ್ಟುಕೊಂಡು ಗೇಟಿನಾಚೆಯೇ ನಿಂತುಬಿಟ್ಟವನು ನಾನು. ಒಳಗಿನವರು ನಮ್ಮ ಮಾತನ್ನು ನಮಗಿಂತ ಜೋಪಾನವಾಗಿ ಆಡುತ್ತಿದ್ದದ್ದು ಕೇಳಿಸಲೇ ಇಲ್ಲ.

ಹೊರಗೆ ಬಂದಾಗ ಜಿನುಗು ನಿಂತಿತ್ತು. ಮೇಣದಬತ್ತಿ ಹಚ್ಚುವ ಜಾಗದಲ್ಲಿ ಗಾಳಿಗೆ ಆರಿಹೋಗಿದ್ದ ಬತ್ತಿಗಳನ್ನು ಯಾರೋ ಹುಡುಗ ಪಕ್ಕದ ಬತ್ತಿಯಿಂದ ಮತ್ತೆ ಹಚ್ಚುತ್ತಿದ್ದ. ಮಿಸ್ ಎರಡು ಬತ್ತಿ ಕೊಂಡು ಒಂದನ್ನು ನನ್ನ ಕೈಗಿಟ್ಟರು. "ಏನು ಕೇಳ್ಕೊಳ್ಳಲಿ ಮಿಸ್?" ಎಂದರೆ, "ಕೇಳ್ಕೊಳ್ಳೋದೇನು ಬೇಡ. ಬಂದೆ ಅಂತ ಹೇಳು, ಸಾಕು," ಎಂದರು.

ಓದುಗರಲ್ಲಿ ಒಂದೇ ಮನವಿ. ದಸರೆಗೋ ಮದುವೆಗೋ ಮೈಸೂರಿಗೆ ಬಂದಾಗ ಅಂಗಳದಲ್ಲಿ ಸೆಲ್ಫಿ ತೆಗೆದುಕೊಂಡು ಮೃಗಾಲಯಕ್ಕೆ ಓಡಬೇಡಿ. ಕನ್ನಡದ ಪೂಜೆ ಯಾವ ಹೊತ್ತಿಗೆ ಎಂದು ವಿಚಾರಿಸಿಕೊಂಡು ಬಂದು, ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಸುಮ್ಮನೆ ಕೂತು ಕೇಳಿ. ಹೊರಡುವಾಗ 1843ರ ಶಾಸನ ಎಲ್ಲಿದೆ ಎಂದು ಕೇಳಿ, ಓದಿಕೊಂಡು ಹೋಗಿ. ಆಟೋದವರು ಕೇಳಿಯೇ ಕೇಳುತ್ತಾರೆ, "ಒಳಕ್ಕೆ" ಎನ್ನಿ.